ಜಾರ್ಜಿಯಾದ 159 ಕೌಂಟಿಗಳು: 18 ದಾಟಿದವರ ಜನಾಂಗದ ಪಟ್ಟಿ ನೋಡಿ ಓಟು ಎಣಿಸಬಹುದಾ?

ಕಮಿಂಗ್_ಕಿಟ್ಟಿ

ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಟ್ಟಿ ಓಡಾಡುತ್ತಿದೆ. ಅಮೆರಿಕದ ಜಾರ್ಜಿಯಾ ರಾಜ್ಯದ 159 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) 18 ವರ್ಷ ದಾಟಿದವರ ಪೈಕಿ ಬಿಳಿಯರು, ಕಪ್ಪು ಜನರು, ಹಿಸ್ಪಾನಿಕ್ ಜನ (ಮೆಕ್ಸಿಕೋದಂಥ ಸ್ಪ್ಯಾನಿಷ್ ನಾಡುಗಳ ಮೂಲದವರು), ಏಷ್ಯನ್ನರು ನೂರಕ್ಕೆ ಎಷ್ಟು ಅಂತ. 2020ರ ಜನಗಣತಿಯ ಅಂಕಿಗಳು, ಸರಿಯಾಗಿಯೇ ಇವೆ. ನನ್ನ ತಕರಾರು ಕೆಳಗೆ ಯಾರೋ ಪುಣ್ಯಾತ್ಮರು ಸೇರಿಸಿದ ಸಾಲಿನ ಮೇಲೆ. ನಮ್ಮ ಫೋರ್ಸೈತ್ ಕೌಂಟಿಯಲ್ಲಿ ಏಷ್ಯನ್ನರು ಇಷ್ಟೊಂದು ಇದ್ದೇವೆ, ಇನ್ನು ಇಲ್ಲಿ ಯಾರು ಗೆಲ್ಲಬೇಕು ಅಂತ ನಾವೇ ತೀರ್ಮಾನಿಸುತ್ತೇವೆ ಅಂತೆ!

ಅಲ್ಲ ಮಾರಾಯ್ರೇ, ಆ ಲೆಕ್ಕದಲ್ಲಿ ನಾನೂ ಇದ್ದೇನೆ, ನನ್ನ ಹೆಂಡತಿಯೂ ಇದ್ದಾಳೆ. ಇಬ್ಬರಿಗೂ ಓಟಿಲ್ಲ. ಎಚ್-1ಬಿ ಕೆಲಸದ ವೀಸಾ ಮೇಲೆ ಇರುವವರು, ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಿರುವವರು, ಅದು ಸಿಕ್ಕಿಯೂ ಪೌರತ್ವ ತಗೊಳ್ಳದವರು, ಎಲ್ಲರನ್ನೂ ಜನಗಣತಿ ಎಣಿಸುತ್ತದೆ. ಇಲ್ಲಿ ವಾಸ ಇರುವವರನ್ನು ಎಣಿಸುವುದೇ ಅದರ ಕೆಲಸ. ಫೋರ್ಸೈತ್‌ನ ಎರಡೂವರೆ ಲಕ್ಷ ಜನರಲ್ಲಿ ಏಷ್ಯನ್ನರು ನೂರಕ್ಕೆ 18ರ ಹತ್ತಿರ. ನಮ್ಮ ಬೀದಿಯ ಬಾಗಿಲುಗಳನ್ನು ತಟ್ಟಿ ನೋಡಿ, ಅವರಲ್ಲಿ ಓಟು ಇರುವವರು ಎಷ್ಟು ಅಂತ ಗೊತ್ತಾಗುತ್ತದೆ.

ಇಡೀ ರಾಜ್ಯದ್ದು ನೋಡಿ. 2020ರಲ್ಲಿ ಜನಸಂಖ್ಯೆ 1 ಕೋಟಿ 7 ಲಕ್ಷ. 18 ದಾಟಿದವರು ಸುಮಾರು 82 ಲಕ್ಷ. ಒಟ್ಟು ಜನರಲ್ಲಿ ಹಿಸ್ಪಾನಿಕ್ ಅಲ್ಲದ ಬಿಳಿಯರು ನೂರಕ್ಕೆ 50. 18 ದಾಟಿದವರಲ್ಲಿ ಮಾತ್ರ ನೋಡಿದರೆ 53ರ ಹತ್ತಿರ. ಮಕ್ಕಳನ್ನು ಬಿಟ್ಟ ಕೂಡಲೇ ಮೂರು ಅಂಕ ಏರಿತು. ಪೌರರಲ್ಲದವರನ್ನು ಬಿಟ್ಟರೆ ಇನ್ನೂ ಏರುತ್ತದೆ.

ಪಟ್ಟಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಪಟ್ಟಿಗೂ ಓಟಿನ ಪೆಟ್ಟಿಗೆಗೂ ಒಂದು ಅಂತರ ಇದೆ, ಮತ್ತು ಆ ಅಂತರಕ್ಕೆ ಒಂದೊಂದು ಕೌಂಟಿಯಲ್ಲಿ ಒಂದೊಂದು ಕಾರಣ ಇದೆ ಅನ್ನುವುದು ನನ್ನ ವಾದ. ನಮ್ಮ ಕಡೆ ವೀಸಾ. ಬೇರೆ ಕೌಂಟಿಗಳಲ್ಲಿ ಇರುವವರು ನಿಮ್ಮ ಕಡೆಯದ್ದು ಬರೆಯಿರಿ.

ಹಾಸನದ_ಹೈದ

ಬೆಂಗಳೂರಿನಲ್ಲಿ ಕೂತು ಒಂದು ದಡ್ಡ ಪ್ರಶ್ನೆ ಕೇಳುತ್ತೇನೆ. ಸರ್ಕಾರವೇ ಮನೆಮನೆಗೆ ನೀವು ಯಾವ ಜನಾಂಗ ಅಂತ ಕೇಳಿ, ಅದರಲ್ಲೂ 18 ದಾಟಿದವರದ್ದೇ ಬೇರೆ ಪಟ್ಟಿ ಮಾಡುವುದು ಯಾಕೆ? ನಮ್ಮ ಮತದಾರರ ಪಟ್ಟಿಯಲ್ಲಿ ಜಾತಿಯ ಕಾಲಂ ಇಲ್ಲ. ಯಾವ ತಾಲೂಕಿನಲ್ಲಿ ಯಾರೆಷ್ಟು ಅಂತ ಪ್ರತಿ ಪಕ್ಷದ ಆಫೀಸಿನಲ್ಲೂ ಒಂದು ಚೀಟಿ ಇರುತ್ತದೆ, ಅದು ಬೇರೆ ಮಾತು.

ಲೆಕ್ಕದಕ್ಕ

ಹೈದ, ದಡ್ಡ ಪ್ರಶ್ನೆ ಏನಲ್ಲ. ಇದು ಕ್ಷೇತ್ರಗಳ ಗಡಿ ಎಳೆಯುವುದಕ್ಕೆ ಅಂತಲೇ ಕೊಡುವ ಲೆಕ್ಕ. 1975ರ ಕೇಂದ್ರ ಕಾನೂನಿನ ಪ್ರಕಾರ ಪ್ರತಿ ಜನಗಣತಿ ಆದಮೇಲೆ ಬೀದಿ ಬೀದಿಯ ಜನಸಂಖ್ಯೆಯನ್ನು ರಾಜ್ಯಗಳಿಗೆ ಕೊಡಬೇಕು. 2020ರದ್ದು ಕೋವಿಡ್‌ನಿಂದ ತಡವಾಗಿ 2021ರ ಆಗಸ್ಟ್ 12ಕ್ಕೆ ಬಂತು. ಅದರಲ್ಲಿ ಎಲ್ಲಾ ವಯಸ್ಸಿನವರ ಜನಾಂಗದ ಕೋಷ್ಟಕ ಒಂದು, 18 ದಾಟಿದವರದ್ದು ಬೇರೆ.

18 ಯಾಕೆ ಅಂದರೆ 1965ರ ಮತದಾನದ ಹಕ್ಕುಗಳ ಕಾಯ್ದೆ. ಕಪ್ಪು ಜನ ಒಂದೇ ಕಡೆ ಸಾಕಷ್ಟು ಸಂಖ್ಯೆಯಲ್ಲಿ ಇದ್ದರೂ ಅವರ ಅಭ್ಯರ್ಥಿ ಯಾವತ್ತೂ ಗೆಲ್ಲದ ಹಾಗೆ ಗೆರೆ ಎಳೆದಿದ್ದಾರೆ ಅಂತ ಕೋರ್ಟಿಗೆ ಹೋದರೆ, ಸಾಕಷ್ಟು ಅಂದರೆ ಎಷ್ಟು ಅಂತ ತೋರಿಸಬೇಕು. 1986ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮೂರು ಪರೀಕ್ಷೆಗಳನ್ನು ಇಟ್ಟಿತು. 2009ರಲ್ಲಿ ಇನ್ನೂ ಬಿಗಿ ಮಾಡಿ, ಆ ಕ್ಷೇತ್ರದಲ್ಲಿ ಮತದಾನದ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಇರಬೇಕು ಅಂದಿತು. 49.5 ಇದ್ದರೆ ಕೇಸು ಬಿತ್ತು, 50.1 ಇದ್ದರೆ ನಿಂತಿತು. ಹಾಗಾಗಿ ಈ ಕಾಲಂನಲ್ಲಿ ದಶಾಂಶಕ್ಕೂ ವಕೀಲರು ಬಡಿದಾಡುತ್ತಾರೆ.

ಇನ್ನೊಂದು ತೊಡಕು ಇದೆ. ಜನಗಣತಿಯ ಫಾರ್ಮಿನಲ್ಲಿ 2000ದಿಂದ ಒಬ್ಬರು ಒಂದಕ್ಕಿಂತ ಹೆಚ್ಚು ಜನಾಂಗಕ್ಕೆ ಟಿಕ್ ಹಾಕಬಹುದು. ಆರು ಆಯ್ಕೆಗಳನ್ನು ಬೆರೆಸಿದರೆ 63 ಬಗೆ ಆಗುತ್ತದೆ. ಹಿಸ್ಪಾನಿಕ್ ಹೌದೋ ಅಲ್ಲವೋ ಅನ್ನುವುದು ಬೇರೆ ಪ್ರಶ್ನೆ, ಅಲ್ಲಿಗೆ 126. ಈಗ ಕಪ್ಪು ಜನ ಅಂದರೆ ಯಾರು? ಬರೀ ಕಪ್ಪು ಅಂತ ಟಿಕ್ ಹಾಕಿದವರಾ, ಅದರ ಜೊತೆ ಇನ್ನೊಂದಕ್ಕೂ ಹಾಕಿದವರಾ? ಇಂಥ ಕೇಸುಗಳಲ್ಲಿ ಸಾಮಾನ್ಯವಾಗಿ ಎರಡನೆಯದನ್ನು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಜಾರ್ಜಿಯಾದ 18 ದಾಟಿದವರಲ್ಲಿ ಕಪ್ಪು ಜನ ನೂರಕ್ಕೆ 31.7. ಬರೀ ಒಂದು ಟಿಕ್ ಹಾಕಿದವರನ್ನು ಹಿಡಿದರೆ ಇನ್ನೂ ಕಡಿಮೆ. ಕಿಟ್ಟಿ, ನಿಮ್ಮ ವಾಟ್ಸಾಪ್ ಪಟ್ಟಿ ಯಾವುದನ್ನು ಹಿಡಿದಿದೆ ಅಂತ ಬರೆದಿದ್ದಾರಾ?

ಕಮಿಂಗ್_ಕಿಟ್ಟಿ

ಇಲ್ಲ ಅಕ್ಕ. ಗುಡ್ ಮಾರ್ನಿಂಗ್ ಚಿತ್ರದ ಕೆಳಗೆ ಬಂದ ಪಟ್ಟಿ ಅದು.

ಆಲ್ಬನಿ_ಡಾಕ್ಟ್ರು

ನಾನಿರುವುದು ರಾಜ್ಯದ ನೈಋತ್ಯ ಮೂಲೆಯಲ್ಲಿ, ಡೋರ್ಟಿ ಕೌಂಟಿಯ ಆಲ್ಬನಿ ಊರು. ಕನ್ನಡದವರು ಇಲ್ಲಿ ತೀರಾ ಕಡಿಮೆ. ಕಿಟ್ಟಿಯವರ ಮಾತಿಗೆ ನಮ್ಮ ಕಡೆಯ ಸಾಕ್ಷಿ ಕೊಡುತ್ತೇನೆ.

ನಕ್ಷೆಯಲ್ಲಿ ಕಪ್ಪು ಜನ ಹೆಚ್ಚಿರುವ ಕೌಂಟಿಗಳಿಗೆ ಬಣ್ಣ ಹಾಕಿ. ಅಟ್ಲಾಂಟಾ ಸುತ್ತಮುತ್ತ ಒಂದು ಗುಂಪು ಕಾಣುತ್ತದೆ. ಅದನ್ನು ಬಿಟ್ಟರೆ ರಾಜ್ಯದ ನಡುವೆ, ಪೂರ್ವದ ಆಗಸ್ಟಾ ಕಡೆಯಿಂದ ನಮ್ಮ ನೈಋತ್ಯ ಮೂಲೆಯವರೆಗೆ ಓರೆಯಾಗಿ ಒಂದು ಪಟ್ಟೆ. 1860ರ ಸುಮಾರಿಗೆ ಹತ್ತಿ ತೋಟಗಳು, ಗುಲಾಮರು ಎಲ್ಲಿದ್ದರೋ ಅದೇ ಪಟ್ಟೆ ಇದು. ತೋಟ ಹೋಯಿತು, ಅರ್ಧ ಜನ ಉತ್ತರದ ನಗರಗಳಿಗೆ ಗುಳೆ ಹೋದರು, ಆದರೂ ಪಟ್ಟೆ ಅಳಿಸಲಿಲ್ಲ. ತೀರಾ ಉತ್ತರದ ಗುಡ್ಡಗಾಡಿಗೆ ಹೋಗಿ, ಫ್ಯಾನಿನ್, ಯೂನಿಯನ್, ಟೌನ್ಸ್ ಕಡೆ ನೂರಕ್ಕೆ ತೊಂಬತ್ತು ಬಿಳಿಯರೇ. ಅಲ್ಲಿ ದೊಡ್ಡ ಹತ್ತಿ ತೋಟಗಳೂ ಇರಲಿಲ್ಲ.

ಈಗ ಜೈಲಿನ ವಿಷಯ. ನಮಗೆ ಹತ್ತಿರದ ಸ್ಟೂವರ್ಟ್ ಕೌಂಟಿ ತಗೊಳ್ಳಿ. ಐದು ಸಾವಿರ ಚಿಲ್ಲರೆ ಜನ. 2000ದಲ್ಲಿ ಅಲ್ಲಿ ಹಿಸ್ಪಾನಿಕ್ ಜನ ನೂರಕ್ಕೆ ಇಬ್ಬರೂ ಇರಲಿಲ್ಲ. 2010ರಲ್ಲಿ ನೋಡಿದರೆ ನೂರಕ್ಕೆ 24! ಹೊಲಕ್ಕೆ ಕೂಲಿಗೆ ಬಂದರಾ, ಫ್ಯಾಕ್ಟರಿ ಬಂತಾ? ಏನೂ ಇಲ್ಲ. 2006ರಲ್ಲಿ ಲಂಪ್ಕಿನ್ ಎಂಬ ಪುಟ್ಟ ಊರಿನ ಹೊರಗೆ ವಲಸಿಗರನ್ನು ಹಿಡಿದಿಡುವ ಬಂಧನ ಕೇಂದ್ರ ಶುರುವಾಯಿತು. ಸುಮಾರು ಎರಡು ಸಾವಿರ ಜನರನ್ನು ಕೂಡಿಹಾಕುವ ಜಾಗ. ಗಡೀಪಾರಿಗೆ ಕಾದು ಕೂತವರೆಲ್ಲ ಲೆಕ್ಕದಲ್ಲಿ ಆ ಕೌಂಟಿಯ ಮತದಾನದ ವಯಸ್ಸಿನ ನಿವಾಸಿಗಳು. ಅವರಲ್ಲಿ ಒಬ್ಬರಿಗೂ ಓಟಿಲ್ಲ, ಊರಿನ ಅಂಗಡಿಗೆ ಹೋಗಿ ಒಂದು ಸೋಡಾ ಕುಡಿಯುವ ಹಾಗೂ ಇಲ್ಲ.

ವೀಲರ್ ಕೌಂಟಿಯದ್ದೂ ಹೀಗೆ. ಏಳೂವರೆ ಸಾವಿರ ಜನ ಅನ್ನುತ್ತದೆ ಲೆಕ್ಕ. ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಖಾಸಗಿ ಜೈಲಿನ ಒಳಗಿನವರು. ಕೈದಿಯನ್ನು ಅವನ ಊರಿನಲ್ಲಿ ಅಲ್ಲ, ಜೈಲು ಇರುವ ಊರಿನಲ್ಲಿ ಎಣಿಸುವುದು ಜನಗಣತಿಯ ಪದ್ಧತಿ. ಜಾರ್ಜಿಯಾದಲ್ಲಿ ದೊಡ್ಡ ಅಪರಾಧಕ್ಕೆ ಶಿಕ್ಷೆ ಆದವರಿಗೆ ಶಿಕ್ಷೆ ಪೂರ್ತಿ ಮುಗಿಯುವವರೆಗೆ, ಅಂದರೆ ಪೆರೋಲು, ಪ್ರೊಬೇಷನ್ (ಜೈಲಿನ ಹೊರಗೆ ನಿಗಾದಲ್ಲಿ ಕಳೆಯುವ ಶಿಕ್ಷೆ) ಎಲ್ಲ ಮುಗಿಯುವವರೆಗೆ ಓಟಿಲ್ಲ. ಪ್ರೊಬೇಷನ್‌ನಲ್ಲಿ ಇರುವವರ ಪ್ರಮಾಣದಲ್ಲಿ ಈ ರಾಜ್ಯ ದೇಶಕ್ಕೇ ಮುಂದು. ಜೈಲಿನಲ್ಲಿರುವವರಲ್ಲಿ ಕಪ್ಪು ಗಂಡಸರು ಅವರ ಜನಸಂಖ್ಯೆಯ ಪ್ರಮಾಣಕ್ಕಿಂತ ತುಂಬಾ ಜಾಸ್ತಿ. ಹಾಗಾಗಿ ಇಂಥ ಹಳ್ಳಿ ಕೌಂಟಿಗಳಲ್ಲಿ ಕಪ್ಪು ಜನರ ಶೇಕಡಾವಾರು ಕಾಗದದ ಮೇಲೆ ಊದಿಕೊಂಡಿರುತ್ತದೆ. ಆ ಅಂಕಿ ನೋಡಿ, ಇಷ್ಟು ಜನ ಇದ್ದೂ ನಿಮ್ಮವರು ಯಾಕೆ ಗೆಲ್ಲುವುದಿಲ್ಲ, ಓಟು ಹಾಕಲು ಸೋಮಾರಿತನ ಅಂತ ಟಿವಿಯಲ್ಲಿ ಬೈಯುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿಗೆ.

ಚಟ್ಟಹೂಚಿ ಕೌಂಟಿ ಇನ್ನೊಂದು ಥರ. ಅಲ್ಲಿ ಸೇನೆಯ ದೊಡ್ಡ ನೆಲೆ ಇದೆ. ಸಿಪಾಯಿಗಳಿಗೆ ಓಟು ಇದೆ, ಆದರೆ ಎಷ್ಟೋ ಜನ ತಮ್ಮ ತವರು ರಾಜ್ಯಕ್ಕೆ ಅಂಚೆಯಲ್ಲಿ ಹಾಕುತ್ತಾರೆ.

ಗ್ವಿನೆಟ್_ಗೌಡ

ಎಲ್ಲರೂ ಪಟ್ಟಿಗೆ ಬೈಯುತ್ತಿದ್ದೀರಿ, ಒಬ್ಬರಾದರೂ ಅದರ ಪರ ಮಾತಾಡಬೇಕಲ್ಲ.

ಡಾಕ್ಟ್ರು ಹೇಳಿದ್ದು ಸಣ್ಣ ಕೌಂಟಿಗಳ ಕಥೆ. ಫುಲ್ಟನ್, ಗ್ವಿನೆಟ್, ಕಾಬ್, ಡಿಕಾಲ್ಬ್ ಈ ನಾಲ್ಕರಲ್ಲೇ ರಾಜ್ಯದ ಮೂರನೇ ಒಂದು ಭಾಗ ಜನ ಇದ್ದೇವೆ, ಸುಮಾರು 35 ಲಕ್ಷ. ಇಲ್ಲಿ ಎರಡು ಸಾವಿರ ಕೈದಿಗಳು ಲೆಕ್ಕಕ್ಕೇ ಇಲ್ಲ. ಪಟ್ಟಿ ನಮ್ಮ ಕಡೆ ಹೇಳುವ ಕಥೆ ನಿಜ. ಗ್ವಿನೆಟ್‌ನಲ್ಲಿ 1990ರಲ್ಲಿ ನೂರಕ್ಕೆ ತೊಂಬತ್ತರಷ್ಟು ಬಿಳಿಯರು. 2020ರಲ್ಲಿ ಒಂಬತ್ತೂವರೆ ಲಕ್ಷ ಜನರಲ್ಲಿ ಹಿಸ್ಪಾನಿಕ್ ಅಲ್ಲದ ಬಿಳಿಯರು ಮೂರನೇ ಒಂದು, ಕಪ್ಪು ಜನ ಕಾಲು ಭಾಗ ದಾಟಿ, ಹಿಸ್ಪಾನಿಕ್ ಕಾಲಿಗೆ ಸ್ವಲ್ಪ ಕಡಿಮೆ, ಏಷ್ಯನ್ನರು ನೂರಕ್ಕೆ 13. ಅರ್ಧ ದಾಟಿದ ಗುಂಪೇ ಇಲ್ಲ. 2016ರಲ್ಲಿ ಈ ಕೌಂಟಿ ಹಿಲರಿ ಕ್ಲಿಂಟನ್‌ಗೆ ಓಟು ಹಾಕಿತು. ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಾಟ್‌ಗೆ ಇಲ್ಲಿ ಗೆಲುವು ಸಿಕ್ಕಿದ್ದು 1976ರಲ್ಲಿ ನಮ್ಮ ರಾಜ್ಯದವರೇ ಆದ ಕಾರ್ಟರ್ ಗೆದ್ದ ಮೇಲೆ ಅದೇ ಮೊದಲು. ಜನಾಂಗದ ಲೆಕ್ಕ ಬದಲಾದ ಮೇಲೆ ಓಟೂ ಬದಲಾಯಿತು. ತಡವಾಗಿ ಬದಲಾಯಿತು, ಅಷ್ಟೇ.

ಕ್ಲೇಟನ್ ಕೌಂಟಿ, ವಿಮಾನ ನಿಲ್ದಾಣದ ಪಕ್ಕದ್ದು. 1990ರಲ್ಲಿ ಅಲ್ಲಿ ಬಿಳಿಯರು ನೂರಕ್ಕೆ 70. ಈಗ ಕಪ್ಪು ಜನ ನೂರಕ್ಕೆ 70. ಒಂದು ತಲೆಮಾರಿನಲ್ಲಿ ಪೂರ್ತಿ ಮಗುಚಿ ಬಿತ್ತು. ಮತ್ತೆ 2020ರಲ್ಲಿ ಇಡೀ ರಾಜ್ಯ ಬೈಡನ್ ಪಾಲಾಗಿದ್ದು ಬರೀ 11,779 ಓಟುಗಳಿಂದ. ಇಷ್ಟು ಸಣ್ಣ ಅಂತರ ಇರುವ ಕಡೆ ಯಾವ ಗುಂಪೂ ಸಣ್ಣದಲ್ಲ. ಕಿಟ್ಟಿಯ ವಾಟ್ಸಾಪ್ ಗೆಳೆಯರ ಹುಮ್ಮಸ್ಸು ಪೂರ್ತಿ ಗಾಳಿಗೋಪುರ ಅಂತ ನನಗೆ ಅನಿಸುವುದಿಲ್ಲ.

ಪೌರರನ್ನು ಮಾತ್ರ ಎಣಿಸಿದ ಲೆಕ್ಕ ಬೇಕು ಅಂದರೆ ಎಲ್ಲಿಂದ ತರುತ್ತೀರಿ? ಜನಗಣತಿ ಪೌರತ್ವ ಕೇಳುವುದೇ ಇಲ್ಲ.

ಲೆಕ್ಕದಕ್ಕ

ಕೇಳುವುದಿಲ್ಲ, ಸರಿ. 2020ರ ಫಾರ್ಮಿನಲ್ಲಿ ಕೇಳಬೇಕು ಅಂತ ಟ್ರಂಪ್ ಸರ್ಕಾರ ಹೊರಟಿತ್ತು. 2019ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ನೀವು ಕೊಡುವ ಕಾರಣ ನಂಬುವ ಹಾಗಿಲ್ಲ ಅಂತ ತಡೆಯಿತು. ಆದರೆ ಜನಗಣತಿ ಇಲಾಖೆಯೇ ವರ್ಷವಿಡೀ ಇನ್ನೊಂದು ಸಮೀಕ್ಷೆ ನಡೆಸುತ್ತದೆ. ದೇಶದಲ್ಲಿ ವರ್ಷಕ್ಕೆ 35 ಲಕ್ಷ ವಿಳಾಸಗಳಿಗೆ ಹೋಗುತ್ತದೆ, ಅದರಲ್ಲಿ ಪೌರತ್ವದ ಪ್ರಶ್ನೆ ಇದೆ. ಐದು ವರ್ಷದ ಉತ್ತರಗಳನ್ನು ಕೂಡಿಸಿ, 18 ದಾಟಿದ ಪೌರರ ಜನಾಂಗವಾರು ಲೆಕ್ಕವನ್ನು ಬೇರೆಯಾಗಿ ಕೊಡುತ್ತಾರೆ. ಕಿಟ್ಟಿ ಹುಡುಕುತ್ತಿರುವುದು ಅದನ್ನೇ.

ಗೌಡರ ಮಾತಿನಲ್ಲೂ ಹುರುಳಿದೆ. ಈ ಪೌರರ ಲೆಕ್ಕ ಸ್ಯಾಂಪಲ್ ಲೆಕ್ಕ. ಗ್ವಿನೆಟ್‌ನಂಥ ದೊಡ್ಡ ಕೌಂಟಿಗೆ ಚೆನ್ನಾಗಿ ಕೂರುತ್ತದೆ. ಟಾಲಿಯಫರೋ ಕೌಂಟಿಯಲ್ಲಿ ಇರುವುದೇ 1,559 ಜನ, ರಾಜ್ಯದಲ್ಲೇ ಕಡಿಮೆ. ಅಲ್ಲಿ ಎಷ್ಟು ಮನೆ ಕೇಳಿರುತ್ತಾರೆ ನೀವೇ ಹೇಳಿ. ಎಡಕ್ಕೂ ಬಲಕ್ಕೂ ಅಷ್ಟಗಲ ತಪ್ಪಾಗುವ ಅವಕಾಶ ಇಟ್ಟುಕೊಂಡೇ ಓದಬೇಕು. 2020ರ ಜನಗಣತಿಯ ಅಂಕಿಗಳಿಗೂ ಜನರ ಗುಟ್ಟು ಕಾಯಲು ಬೇಕೆಂದೇ ಸಣ್ಣ ಏರುಪೇರು ಬೆರೆಸಿದ್ದಾರೆ. ರಾಜ್ಯದ ಒಟ್ಟು ಜನಸಂಖ್ಯೆಯನ್ನು ಮುಟ್ಟಿಲ್ಲ. ಕೌಂಟಿ ಮಟ್ಟದಲ್ಲಿ ಏನೂ ಅನಿಸುವುದಿಲ್ಲ, ಒಂದೇ ಬೀದಿಯ ಲೆಕ್ಕ ತೆಗೆದರೆ ವಿಚಿತ್ರ ಕಾಣಬಹುದು.

ಆದರೆ ಜಾರ್ಜಿಯಾದಲ್ಲಿ ಇಷ್ಟೆಲ್ಲ ಕಸರತ್ತು ಮಾಡುವ ಅಗತ್ಯವೇ ಇಲ್ಲ! ಇಲ್ಲಿ ಮತದಾರರಾಗಿ ಹೆಸರು ಬರೆಸುವ ಫಾರ್ಮಿನಲ್ಲೇ ಜನಾಂಗ ಕೇಳುತ್ತಾರೆ. ದಕ್ಷಿಣದ ಕೆಲವೇ ರಾಜ್ಯಗಳಲ್ಲಿ ಹೀಗಿದೆ. ಯಾವ ಕೌಂಟಿಯಲ್ಲಿ ಯಾವ ಜನಾಂಗದ ಎಷ್ಟು ಮಂದಿ ಹೆಸರು ಬರೆಸಿದ್ದಾರೆ, ಎಷ್ಟು ಮಂದಿ ಬಂದು ಓಟು ಹಾಕಿದರು, ಎರಡೂ ರಾಜ್ಯದ ಚುನಾವಣಾ ಕಚೇರಿಯಲ್ಲಿ ಸಿಗುತ್ತದೆ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ತಾನಾಗಿಯೇ ಹೆಸರು ಸೇರುವ ಪದ್ಧತಿ ಬಂದಮೇಲೆ ಜನಾಂಗ ಗೊತ್ತಿಲ್ಲ ಅನ್ನುವ ಕಾಲಂ ದಪ್ಪ ಆಗಿದೆ. ಅದೊಂದು ಕೊರತೆ.

ಹಳೇಪೇಪರ್_ಮೇಷ್ಟ್ರು

ನಾನು ನಿವೃತ್ತ ಇತಿಹಾಸದ ಮೇಷ್ಟ್ರು, ಮಗಳ ಮನೆ ಅಗಸ್ಟಾದಲ್ಲಿ. ನೀವೆಲ್ಲ ಇವತ್ತಿನ ಮಾತಾಡುತ್ತಿದ್ದೀರಿ. ನಿಮ್ಮ ವಾದಕ್ಕೆ ಹೇಳಿ ಮಾಡಿಸಿದ ಹಾಗೆ ಒಂದು ಹಳೇ ಕೇಸು ಪಕ್ಕದ ಬರ್ಕ್ ಕೌಂಟಿಯದ್ದು.

ಬರ್ಕ್ ಕೌಂಟಿ ಹತ್ತಿಯ ನಾಡು, ಈಗ ಅಣು ವಿದ್ಯುತ್ ಸ್ಥಾವರಕ್ಕೆ ಹೆಸರುವಾಸಿ. 1980ರಲ್ಲಿ ಅಲ್ಲಿನ ಜನಸಂಖ್ಯೆ 19,349. ಅದರಲ್ಲಿ ಕಪ್ಪು ಜನ ನೂರಕ್ಕೆ 53.6, ಅಂದರೆ ಅವರೇ ಹೆಚ್ಚು. ಆದರೆ ಅವರಲ್ಲಿ ಮಕ್ಕಳು ಜಾಸ್ತಿ, ಬಿಳಿಯರಲ್ಲಿ ವಯಸ್ಸಾದವರು ಜಾಸ್ತಿ. ಮತದಾನದ ವಯಸ್ಸಿನವರನ್ನು ಮಾತ್ರ ಎಣಿಸಿದರೆ ಬಿಳಿಯರು ಸ್ವಲ್ಪ ಮುಂದೆ. ಹೆಸರು ಬರೆಸಿದ ಮತದಾರರಲ್ಲಿ ಕಪ್ಪು ಜನ 1978ರಲ್ಲಿ ನೂರಕ್ಕೆ 38. ಕೌಂಟಿ ಆಡಳಿತದ ಐದು ಸ್ಥಾನಗಳಲ್ಲಿ ಅಲ್ಲಿಯವರೆಗೆ ಗೆದ್ದ ಕಪ್ಪು ಜನರ ಸಂಖ್ಯೆ ಸೊನ್ನೆ. ಒಮ್ಮೆಯೂ ಇಲ್ಲ!

ಸೊನ್ನೆ ಬರುವುದಕ್ಕೆ ಕಾರಣ ಚುನಾವಣೆ ನಡೆಯುವ ರೀತಿ. 1911ರಿಂದ ಐದೂ ಸ್ಥಾನಗಳಿಗೆ ಇಡೀ ಕೌಂಟಿ ಓಟು ಹಾಕುತ್ತಿತ್ತು. ವಾರ್ಡು ಗೀರ್ಡು ಇಲ್ಲ. ಮತದಾರರಲ್ಲಿ ನೂರಕ್ಕೆ 62 ಇರುವ ಬಿಳಿಯರು ಒಟ್ಟಾಗಿ ಹಾಕಿದರೆ ಐದಕ್ಕೆ ಐದೂ ಅವರದ್ದೇ. 1976ರಲ್ಲಿ ಅಲ್ಲಿನ ಎಂಟು ಜನ ಕಪ್ಪು ನಾಗರಿಕರು ಕೇಸು ಹಾಕಿದರು. 1982ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು, ಕೌಂಟಿಯನ್ನು ಐದು ವಾರ್ಡು ಮಾಡಬೇಕಾಯಿತು. ಒಂದೇ ಕೌಂಟಿಯಲ್ಲಿ 53.6, ಅರ್ಧಕ್ಕಿಂತ ಕಡಿಮೆ, 38, ಸೊನ್ನೆ. ಕಿಟ್ಟಿಯವರು ಹೇಳುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ತೋರಿಸಲಾರರು.

ಕೌಂಟಿ ಅನ್ನುವುದೇ ಇಲ್ಲಿ ಯಾಕಿಷ್ಟು ಮುಖ್ಯ ಅಂತಲೂ ಹೇಳಬೇಕು. 1917ರ ಕಾನೂನಿನಿಂದ 1962ರವರೆಗೆ ಜಾರ್ಜಿಯಾದ ಡೆಮಾಕ್ರಾಟ್ ಪಕ್ಷದ ಅಭ್ಯರ್ಥಿ ಆರಿಸುವ ಒಳ ಚುನಾವಣೆಯಲ್ಲಿ ಗೆಲುವು ಜನರ ಓಟಿನಿಂದ ತೀರ್ಮಾನ ಆಗುತ್ತಿರಲಿಲ್ಲ, ಕೌಂಟಿಗಳ ಓಟಿನಿಂದ ಆಗುತ್ತಿತ್ತು. ಎಂಟು ದೊಡ್ಡ ಕೌಂಟಿಗಳಿಗೆ ತಲಾ 6, ನಂತರದ 30ಕ್ಕೆ ತಲಾ 4, ಉಳಿದ 121ಕ್ಕೆ ತಲಾ 2. ಅಟ್ಲಾಂಟಾ ಇರುವ ಫುಲ್ಟನ್‌ಗೆ 6. ಮೂರು ಹಳ್ಳಿ ಕೌಂಟಿ ಸೇರಿದರೂ 6! ಆಗ ಇಲ್ಲಿ ಆ ಪಕ್ಷ ಗೆದ್ದರೆ ಚುನಾವಣೆ ಗೆದ್ದ ಹಾಗೆ. 1946ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತ ಯೂಜೀನ್ ಟಾಲ್ಮಜ್ ಜನರ ಓಟಿನಲ್ಲಿ ಸೋತರೂ ಕೌಂಟಿ ಲೆಕ್ಕದಲ್ಲಿ ಗೆದ್ದ. 1963ರಲ್ಲಿ ಸುಪ್ರೀಂ ಕೋರ್ಟ್ ಒಬ್ಬರಿಗೆ ಒಂದೇ ಓಟು, ಎಲ್ಲರದ್ದೂ ಸಮ ಅಂದಿದ್ದು ಇದೇ ರಾಜ್ಯದ ಕೇಸಿನಲ್ಲಿ.

18ನೇ ವಯಸ್ಸಿಗೆ ಓಟು ಕೊಟ್ಟ ಮೊದಲ ರಾಜ್ಯವೂ ಜಾರ್ಜಿಯಾ, 1943ರಲ್ಲಿ. ಇಡೀ ದೇಶಕ್ಕೆ ಬಂದಿದ್ದು 1971ರಲ್ಲಿ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅದೇ 1943ರಲ್ಲಿ ಪಕ್ಷದ ಒಳ ಚುನಾವಣೆ ಬಿಳಿಯರಿಗೆ ಮಾತ್ರ. ಅದು ಕೋರ್ಟಿನಲ್ಲಿ ಬಿದ್ದಿದ್ದು 1946ಕ್ಕೆ.

ಕಮಿಂಗ್_ಕಿಟ್ಟಿ

ಮೇಷ್ಟ್ರೇ, ನಮ್ಮ ಫೋರ್ಸೈತ್‌ನದ್ದೂ ಹೇಳಿ. ನಮ್ಮವರಲ್ಲಿ ಮನೆ ತಗೊಳ್ಳುವಾಗ ಸ್ಕೂಲಿನ ರ್‍ಯಾಂಕು ನೋಡುವವರೇ ಎಲ್ಲ. ಕಪ್ಪು ಜನರ ಕಾಲಂನಲ್ಲಿ ನೂರಕ್ಕೆ ನಾಲ್ಕರ ಆಸುಪಾಸು ಯಾಕಿದೆ ಅಂತ ಯಾರೂ ಕೇಳುವುದಿಲ್ಲ.

ಹಳೇಪೇಪರ್_ಮೇಷ್ಟ್ರು

ಅದು ತಾನಾಗಿ ಆದದ್ದಲ್ಲ. 1912ರಲ್ಲಿ ಒಬ್ಬ ಬಿಳಿ ಹುಡುಗಿಯ ಕೊಲೆ ಆಯಿತು. ಆರೋಪ ಹೊತ್ತ ಒಬ್ಬನನ್ನು ಗುಂಪು ಜೈಲಿನಿಂದ ಎಳೆದು ಕೊಂದಿತು, ಇಬ್ಬರು ಹದಿಹರೆಯದ ಹುಡುಗರನ್ನು ಗಲ್ಲಿಗೇರಿಸಿದರು. ಆಮೇಲೆ ರಾತ್ರಿ ಹೊತ್ತು ಕುದುರೆ ಸವಾರರು ಮನೆ, ಚರ್ಚುಗಳಿಗೆ ಬೆಂಕಿ ಇಟ್ಟು ಸುಮಾರು 1,100 ಕಪ್ಪು ಜನರನ್ನು ಕೌಂಟಿಯಿಂದಲೇ ಓಡಿಸಿದರು. ಹೊಲ ಮನೆ ಬಿಟ್ಟು ಹೋದವರು ಮರಳಲಿಲ್ಲ. ಮುಂದಿನ ಏಳೆಂಟು ದಶಕ ಆ ಕಾಲಂನಲ್ಲಿ ಹೆಚ್ಚುಕಡಿಮೆ ಸೊನ್ನೆ.

1987ರ ಜನವರಿಯಲ್ಲಿ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಹೋಸಿಯಾ ವಿಲಿಯಮ್ಸ್ ಮುಂದಾಳತ್ವದಲ್ಲಿ ಒಂದು ಸಣ್ಣ ಮೆರವಣಿಗೆ ಫೋರ್ಸೈತ್‌ನ ಮುಖ್ಯ ಊರು ಕಮಿಂಗ್‌ಗೆ ಹೊರಟಾಗ ಕಲ್ಲು ತೂರಿದರು. ಮುಂದಿನ ವಾರ ಸುಮಾರು 20 ಸಾವಿರ ಜನ ಬಂದು ನಡೆದರು. ಆಗ ಆ ಕೌಂಟಿಯಲ್ಲಿ ಐವತ್ತು ಸಾವಿರ ಜನವೂ ಇರಲಿಲ್ಲ. ನೀವು ಹೋಗಿ ನೆಲೆಸಿರುವುದು ಆ ಊರಿಗೆ ಕಣಪ್ಪ.

ವಿಟ್‌ಫೀಲ್ಡ್_ವೀರೇಶ

ವಿಟ್‌ಫೀಲ್ಡ್ ಕೌಂಟಿಯ ಡಾಲ್ಟನ್‌ನವನು ನಾನು, ಕಾರ್ಪೆಟ್ ಊರು. ಮಿಲ್ಲುಗಳ ಕೆಲಸಕ್ಕೆ ಮೆಕ್ಸಿಕೋ ಕಡೆಯ ಜನ 1990ರ ದಶಕದಿಂದ ಬಂದರು. ಈಗ ಕೌಂಟಿಯಲ್ಲಿ ಹಿಸ್ಪಾನಿಕ್ ಜನ ಮೂರನೇ ಒಂದು ದಾಟಿ, ಡಾಲ್ಟನ್ ಪಟ್ಟಣದಲ್ಲಿ ಅರ್ಧ. ನಮ್ಮಲ್ಲಿ ಸೋರಿಕೆ ಎರಡು ಕಡೆ. ಅವರಲ್ಲಿ 18 ದಾಟದವರು ಜಾಸ್ತಿ, ದಾಟಿದವರಲ್ಲಿ ಪೌರರಲ್ಲದವರು ಜಾಸ್ತಿ. ಒಂದು ವ್ಯತ್ಯಾಸ ಗಮನಿಸಿ: ಇಲ್ಲೇ ಹುಟ್ಟಿದ ಮಕ್ಕಳು ವರ್ಷ ವರ್ಷ 18 ದಾಟುತ್ತಿದ್ದಾರೆ, ಅವರೆಲ್ಲ ಪೌರರು. ಗೇನ್ಸ್‌ವಿಲ್ ಕಡೆ ಕೋಳಿ ಕಾರ್ಖಾನೆಗಳಲ್ಲೂ ಇದೇ ಕಥೆ.

ಹಾಸನದ_ಹೈದ

ನಮ್ಮ ಪದ್ಧತಿ ಎಷ್ಟು ಬೇರೆ ನೋಡಿ. ಕರ್ನಾಟಕದ 224 ವಿಧಾನಸಭಾ ಕ್ಷೇತ್ರಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಭ್ಯರ್ಥಿ ಯಾರು ಆಗಬಹುದು ಅಂತ ಕಾನೂನೇ ಹೇಳುತ್ತದೆ, ಓಟು ಎಲ್ಲರೂ ಹಾಕುತ್ತಾರೆ. ಲೆಕ್ಕಕ್ಕೆ ಹಿಡಿಯುವುದೂ ಒಟ್ಟು ಜನಸಂಖ್ಯೆಯನ್ನೇ, 18 ದಾಟಿದವರನ್ನಲ್ಲ.

ಅದಿರಲಿ, ಜಾರ್ಜಿಯಾದಲ್ಲಿ ಕನ್ನಡಿಗರು ಎಷ್ಟು ಅಂತ ಇದರಲ್ಲಿ ಸಿಗುತ್ತದಾ?

ಲೆಕ್ಕದಕ್ಕ

ಸಿಗುವುದಿಲ್ಲ. ಜನಾಂಗದ ಪ್ರಶ್ನೆಯಲ್ಲಿ ಭಾರತೀಯ ಅನ್ನುವ ಚೌಕ 1980ರಿಂದ ಇದೆ. 1970ರಲ್ಲಿ ನಮ್ಮವರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದ್ದರು, ಗೊತ್ತಾ? ಭಾಷೆಯನ್ನು ಆ ಐದು ವರ್ಷದ ಸಮೀಕ್ಷೆಯಲ್ಲಿ ಕೇಳುತ್ತಾರೆ. ಆದರೆ ಎಲ್ಲರಿಗೂ ಸಿಗುವ ಕೋಷ್ಟಕದಲ್ಲಿ ತೆಲುಗಿಗೆ ಒಂದು ಸಾಲು, ತಮಿಳಿಗೆ ಒಂದು ಸಾಲು. ನಮ್ಮದು ಮಲಯಾಳಂ, ಕನ್ನಡ ಮತ್ತು ಇತರ ದ್ರಾವಿಡ ಭಾಷೆಗಳು ಅಂತ ಒಂದೇ ಸಾಲಿನಲ್ಲಿ. ತುಳುವಿನವರೂ ಅದರಲ್ಲೇ.

ಆಲ್ಬನಿ_ಡಾಕ್ಟ್ರು

ಅಲ್ಲೂ ಇತರೆಯಾ!

ಗ್ವಿನೆಟ್_ಗೌಡ

ಮೇಷ್ಟ್ರ ಬರ್ಕ್ ಕೌಂಟಿಯ ಲೆಕ್ಕ ಓದಿ ನನ್ನ ವಾದದ ಒಂದು ಕಾಲು ಮುರಿಯಿತು ಅನ್ನಿ, ಇನ್ನೊಂದು ಇನ್ನೂ ನಿಂತಿದೆ. ಗ್ವಿನೆಟ್‌ನಲ್ಲಿ ಆದದ್ದನ್ನೇ ಹೇಳುತ್ತೇನೆ.

2023ರ ಅಕ್ಟೋಬರ್‌ನಲ್ಲಿ ಫೆಡರಲ್ ನ್ಯಾಯಾಧೀಶ ಸ್ಟೀವ್ ಜೋನ್ಸ್, ಜಾರ್ಜಿಯಾದ ನಕ್ಷೆಗಳು ಕಪ್ಪು ಜನರಿಗೆ ಅನ್ಯಾಯ ಮಾಡುತ್ತವೆ ಅಂತ ತೀರ್ಪು ಕೊಟ್ಟರು. ಕಪ್ಪು ಜನ ಬಹುಮತದ ಇನ್ನೊಂದು ಸಂಸತ್ ಕ್ಷೇತ್ರ ಅಟ್ಲಾಂಟಾದ ಪಶ್ಚಿಮಕ್ಕೆ ಬೇಕು, ರಾಜ್ಯದ ಮೇಲ್ಮನೆಗೆ ಎರಡು, ಕೆಳಮನೆಗೆ ಐದು ಬೇಕು ಅಂದರು. ಶಾಸಕರು ವಿಶೇಷ ಅಧಿವೇಶನ ಕರೆದು ಡಿಸೆಂಬರ್‌ನಲ್ಲಿ ಹೊಸ ನಕ್ಷೆ ಬರೆದರು. ಪಶ್ಚಿಮದಲ್ಲಿ ಒಂದು ಕೊಟ್ಟರು. ಅದೇ ಪೆನ್ನಿನಲ್ಲಿ ನಮ್ಮ ಗ್ವಿನೆಟ್‌ನ ಏಳನೇ ಕ್ಷೇತ್ರವನ್ನು ಚೂರು ಮಾಡಿದರು. ಡೆಮಾಕ್ರಾಟ್ ಪಕ್ಷದ ಲೂಸಿ ಮೆಕ್‌ಬಾತ್ ಗೆದ್ದಿದ್ದ ಕ್ಷೇತ್ರ ಅದು. ಅಲ್ಲಿ ಕಪ್ಪು ಜನ, ಹಿಸ್ಪಾನಿಕ್, ಏಷ್ಯನ್ ಸೇರಿದರೆ ಬಹುಮತ, ಆದರೆ ಯಾವ ಒಂದು ಗುಂಪಿಗೂ ಅರ್ಧ ಇರಲಿಲ್ಲ. ಮೂರು ಗುಂಪು ಕೂಡಿ ಬಹುಮತ ಆದರೆ ಕಾನೂನು ಅದನ್ನು ಕಾಯಬೇಕಾ ಅನ್ನುವುದೇ ಜಗಳ. ನ್ಯಾಯಾಧೀಶರು ಹೊಸ ನಕ್ಷೆಗೆ ಒಪ್ಪಿಗೆ ಕೊಟ್ಟರು. ಮೆಕ್‌ಬಾತ್ 2024ರಲ್ಲಿ ಆ ಪಶ್ಚಿಮದ ಹೊಸ ಕ್ಷೇತ್ರಕ್ಕೆ ಹೋಗಿ ನಿಂತು ಗೆದ್ದರು.

ಅಂದರೆ ಪಟ್ಟಿಯಲ್ಲಿ ಎಲ್ಲರೂ ಬೆರೆತಿರುವ ಕೌಂಟಿಯೇ ಸುಲಭವಾಗಿ ಕತ್ತರಿಗೆ ಸಿಗುವುದು. ಹ್ಯಾನ್‌ಕಾಕ್‌ನಂಥ ಕೌಂಟಿಯಲ್ಲಿ ಕಪ್ಪು ಜನ ನೂರಕ್ಕೆ 70ರಷ್ಟು ಇದ್ದಾರೆ, ಅಲ್ಲಿ ಹೀಗೆ ಕತ್ತರಿಸುವುದು ಸುಲಭ ಅಲ್ಲ.

ಆಲ್ಬನಿ_ಡಾಕ್ಟ್ರು

70 ಇದ್ದೂ ನೆಮ್ಮದಿ ಇಲ್ಲ ಗೌಡ್ರೇ. 2015ರಲ್ಲಿ ಅದೇ ಹ್ಯಾನ್‌ಕಾಕ್‌ನ ಸ್ಪಾರ್ಟಾ ಪಟ್ಟಣದ ಚುನಾವಣೆಗೆ ಮುಂಚೆ ಸುಮಾರು 180 ಮತದಾರರಿಗೆ, ಹೆಚ್ಚಿನವರು ಕಪ್ಪು ಜನ, ನೀವು ಈ ವಿಳಾಸದಲ್ಲಿ ಇದ್ದೀರಾ ಬಂದು ಸಾಬೀತು ಮಾಡಿ ಅಂತ ಸಮನ್ಸ್ ಹೋಯಿತು. ಪೊಲೀಸಿನವರೇ ಮನೆಗೆ ತಂದು ಕೊಟ್ಟರು. ಕೇಸಾಗಿ 2017ರಲ್ಲಿ ರಾಜಿ ಆಯಿತು. ಚುನಾವಣೆ ನಡೆಸುವುದು, ಪಟ್ಟಿಯಿಂದ ಹೆಸರು ತೆಗೆಯುವುದು ಇಲ್ಲಿ ಕೌಂಟಿಯ ಕೈಯಲ್ಲೇ ಇದೆ.

ಹೊಸ_ವೀಸಾ

ಈ ಮೇಲಿನದೆಲ್ಲ ಓದಿ ಭಯ ಆಯಿತು. ಲೈಸೆನ್ಸ್ ಮಾಡಿಸುವಾಗ ಓಟರ್ ಆಗುತ್ತೀರಾ ಅಂತ ಕೇಳುತ್ತಾರಂತೆ. ನಾನು ಎಚ್-1ಬಿ. ಹೌದು ಅಂದರೆ ಏನಾದರೂ ಆಗುತ್ತದಾ?

ಲೆಕ್ಕದಕ್ಕ

ಹೌದು ಅನ್ನಲೇಬೇಡಿ ತಮ್ಮ. ಆ ಫಾರ್ಮಿಗೆ ಸಹಿ ಹಾಕಿದರೆ ನಾನು ಅಮೆರಿಕದ ಪೌರ ಅಂತ ಹೇಳಿದ ಹಾಗೆ. ಸುಳ್ಳು ಪೌರತ್ವ ಹೇಳಿಕೊಂಡರೆ 1996ರ ವಲಸೆ ಕಾನೂನಿನಲ್ಲಿ ಗಡೀಪಾರಿನವರೆಗೆ ಹೋಗಬಹುದು, ಮುಂದೆ ಗ್ರೀನ್ ಕಾರ್ಡಿಗೂ ಕಲ್ಲು ಬೀಳುತ್ತದೆ. ಕೌಂಟರಿನಲ್ಲಿ ಅವಸರದಲ್ಲಿ ಟಿಕ್ ಬಿದ್ದಿದೆ ಅಂತ ಅನುಮಾನ ಇದ್ದರೆ ವಲಸೆ ವಕೀಲರನ್ನು ಮೊದಲು ಕಾಣಿ. ಜನಗಣತಿಯ ಫಾರ್ಮು ಬೇರೆ. 2030ರ ಏಪ್ರಿಲ್ 1ಕ್ಕೆ ಇಲ್ಲಿ ವಾಸ ಇದ್ದರೆ ಅದನ್ನು ತುಂಬಬೇಕು, ಅದರಲ್ಲಿ ಕೊಟ್ಟ ಉತ್ತರ ಬೇರೆ ಯಾವ ಇಲಾಖೆಗೂ ಹೋಗಬಾರದು ಅಂತ ಕಾನೂನಿದೆ.

ಕಮಿಂಗ್_ಕಿಟ್ಟಿ

ಗುಂಪಿನಲ್ಲಿ ಹೊಸ ಪಟ್ಟಿ ಹಾಕಿದೆ. ಫೋರ್ಸೈತ್, ಗ್ವಿನೆಟ್, ವಿಟ್‌ಫೀಲ್ಡ್, ಸ್ಟೂವರ್ಟ್, ವೀಲರ್, ಇಷ್ಟೇ. ಪ್ರತಿಯೊಂದಕ್ಕೂ ನಾಲ್ಕು ಕಾಲಂ: ಒಟ್ಟು ಜನ, 18 ದಾಟಿದವರು, 18 ದಾಟಿದ ಪೌರರು, ಹೆಸರು ಬರೆಸಿದವರು. ಮೂರನೆಯದರ ಪಕ್ಕ ಇದು ಸ್ಯಾಂಪಲ್ ಲೆಕ್ಕ ಅಂತಲೂ ಬರೆದಿದ್ದೇನೆ ಅಕ್ಕ. ಮೊದಲು ಬಂದ ಪ್ರತಿಕ್ರಿಯೆ, ಇಷ್ಟು ಉದ್ದದ್ದು ಯಾರು ಓದುತ್ತಾರೆ ಅಂತ. ಎರಡನೆಯದು, ಸ್ಟೂವರ್ಟ್ ಕೌಂಟಿಯಲ್ಲಿ ಕೊನೆಯ ಕಾಲಂ ಇಷ್ಟು ಕುಸಿದಿದ್ದು ಹೇಗೆ ಅಂತ. ಡಾಕ್ಟ್ರೇ, ನಿಮ್ಮ ಬರಹವನ್ನು ಅಲ್ಲಿಗೆ ಹಾಕಬಹುದಾ?

ಆಲ್ಬನಿ_ಡಾಕ್ಟ್ರು

ಹಾಕಿ. ಸೋಡಾದ ಮಾತು ತೆಗೆಯಬೇಡಿ.